ಸರಪಳಿಯಜ್ಜನ ಹಿಂದಳತೆ

ನಮ್ಮ ಸರಪಳಿಯಜ್ಜನ ಬಲ ಅಂಗೈಯಲ್ಲಿ ಒಂದು ಹಸಿರು ಗೆರೆಯಿತ್ತು. ಹೊಲ ಅಳೆಯುವ ಸರಪಳಿಯ ಹಿತ್ತಾಳೆ ಹಿಡಿಕೆಯನ್ನು ಮೂವತ್ತು ವರ್ಷ ಬೆವರುಗೈಯಲ್ಲಿ ಹಿಡಿದ ಕಿಲುಬು. ಹುಣಸೆಹಣ್ಣು ತಿಕ್ಕಿದರೂ ಹೋಗದು. ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರಕ್ಕೆ ನಾನು ಹೊಸ ಸರ್ವೆಯರು, ಅವನು ನಿವೃತ್ತಿಯ ಅಂಚಿನಲ್ಲಿದ್ದ ಸರಪಳಿ ಆಳು. ಅಳೆದ ಹೊಲವನ್ನು ಆಚೆ ತುದಿಯಿಂದ ಮತ್ತೊಮ್ಮೆ ಅಳೆಯದೆ ಬೀಡಿ ಹಚ್ಚುತ್ತಿರಲಿಲ್ಲ. "ಮುಂದಳತೆ ಸರ್ಕಾರದ್ದು, ಹಿಂದಳತೆ ನಮ್ದು" ಅನ್ನುತ್ತಿದ್ದ.

ಸೊರಬದ ಕಡೆಯ ಒಬ್ಬ ಹೆಡ್‌ಮಾಸ್ತರರಿಗೆ ಶನಿವಾರಕ್ಕೊಬ್ಬರಂತೆ ದುಡಿಯುವವರನ್ನು ತರಗತಿಗೆ ಕರೆಸುವ ಹುಚ್ಚು. ಕಮ್ಮಾರ ಹೋಗಿಬಂದಿದ್ದ, ನರ್ಸಮ್ಮ ಹೋಗಿದ್ದರು. ನನಗೂ ಕಾಗದ ಬಂತು: "ತಮ್ಮನ್ನು ನೋಡಿ ಮಕ್ಕಳು ಕಲಿಯುವಂತಾಗಲಿ." ನಾನೋ, ಮೊದಲು ಒಪ್ಪಿಕೊಂಡು ಆಮೇಲೆ ಗಾಬರಿಯಲ್ಲಿ ಊಟ ಬಿಡುವವನು. ಹದಿನಾಲ್ಕು ಪುಟ ಬರೆದೆ, ಕನ್ನಡಿಯ ಮುಂದೆ ಓದಿದೆ. "ಕನ್ನಡಿಗೂ ಆಕಳಿಕೆ ಬಂತು ನೋಡ್ರಿ" ಎಂದಳು ಹೆಂಡತಿ.

ನಿಜವಾದ ಸಂಕಟ ಬೇರೆಯಿತ್ತು. ಸರಪಳಿಯ ಒಂದೊಂದು ಉದ್ದ ಮುಗಿದಲ್ಲೂ ಒಂದು ಕಬ್ಬಿಣದ ಕಡ್ಡಿ ನೆಡುತ್ತಾರೆ. ಹಿಂದಿನಿಂದ ಬರುವ ಅಜ್ಜ ಅದನ್ನು ಕಿತ್ತುಕೊಂಡು ಎಣಿಕೆ ಕೂಗಬೇಕು, ನಾನು ಪುಸ್ತಕದಲ್ಲಿ ಗೀಟೆಳೆಯಬೇಕು. ಮೂರು ತಿಂಗಳ ಹಿಂದೆ ತೊಗರ್ಸಿಯಲ್ಲಿ, ಕಚೇರಿಯ ಬೀರುವಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿ ಒಂದು ಗೀಟು ಬಿಟ್ಟೆ. ಒಬ್ಬ ರೈತನ ಹೊಲ ಒಂದು ಸರಪಳಿಯುದ್ದ, ಅಂದರೆ ಮೂವತ್ತಮೂರು ಅಡಿ, ಮೋಟಾಯಿತು. ಅಜ್ಜನ ಹಿಂದಳತೆಯಲ್ಲಿ ಸಿಕ್ಕಿಬಿತ್ತು.

"ಯಾರ್ರೀ ಎಣಿಸಿದ್ದು?" ರೈತ ಗುಡುಗಿದ.

ನಾನು ಬಾಯಿ ತೆರೆಯುವ ಮೊದಲೇ ಅಜ್ಜ, "ಕಡ್ಡಿ ನನ್ ಕೈಯಾಗಿಂದ ಬಿದ್ದಿತ್ರಿ ಗೌಡ್ರ" ಎಂದುಬಿಟ್ಟ. ಇಡೀ ಊರಿನೆದುರು ಬೈಸಿಕೊಂಡ. ನಾನು ಪುಸ್ತಕ ಮಡಚಿದೆ. ನನ್ನಂಥವನನ್ನು ನೋಡಿ ಮಕ್ಕಳು ಕಲಿಯಬೇಕಂತೆ!

ಆ ಶನಿವಾರ ಮಕ್ಕಳಿಗೆ ತೋರಿಸಲೆಂದು ಸರಪಳಿ ಹೊತ್ತು ಅಜ್ಜನೂ ಜೊತೆಗೆ ಹೊರಟ. ಬಸ್ಸು ಶಿರಾಳಕೊಪ್ಪ ದಾಟುವಾಗ, "ಅಜ್ಜಾ, ತಲೆನೋವು. ವಾಪಸ್ ಹೋಗೋಣ" ಎಂದೆ.

"ಸರಪಳಿ ಹೊತ್ತೋನು ನಾನು, ತಲಿನೋವು ನಿಮಗಾ? ಕೂತ್ಕೊಳ್ರಿ ಸಾಹೇಬ್ರ."

ತರಗತಿಯಲ್ಲಿ ಅವನೊಂದು ತುದಿ, ನಾನೊಂದು ತುದಿ ಹಿಡಿದು ಸರಪಳಿ ಎಳೆದೆವು. ಭಾಷಣದ ಎರಡನೆಯ ಪುಟದಲ್ಲೇ ಒಬ್ಬ ಹುಡುಗಿ ಎದ್ದಳು.

"ಸಾರ್, ಅಳತೆ ತಪ್ಪಿದ್ರೆ ಯಾರಿಗೆ ಬೈತಾರೆ?"

"ನನಗೇ ಕಣವ್ವ!" ಎಂದ ಅಜ್ಜ. ಮಕ್ಕಳೆಲ್ಲ ನಕ್ಕರು.

ನನಗೆ ನಗು ಬರಲಿಲ್ಲ. ಪುಟಗಳನ್ನು ಮೇಜಿನ ಮೇಲಿಟ್ಟು ತೊಗರ್ಸಿಯದನ್ನು ಹೇಳಿದೆ. "ತಪ್ಪಿದವನು ನಾನು. ಬೈಸಿಕೊಂಡವನು ಈ ಅಜ್ಜ." ಅಜ್ಜ ಕೈಯಲ್ಲಿದ್ದ ಹಿಡಿಕೆಯನ್ನೇ ನೋಡುತ್ತಿದ್ದ. ಹುಡುಗಿ ಇನ್ನೂ ಕೂತಿರಲಿಲ್ಲ.

"ಮತ್ತೆ, ಬೈದೋರಿಗೆ ಹೇಳಿದ್ರಾ?"

"ಇಲ್ಲವ್ವ" ಎಂದೆ, ಹದಿನಾಲ್ಕೂ ಪುಟ ಮಡಚಿ ಜೇಬಿಗೆ ಹಾಕಿಕೊಂಡೆ.

ಸೋಮವಾರ ಅಜ್ಜನೊಡನೆ ತೊಗರ್ಸಿಗೆ ಹೋದೆ. ದಾರಿಯುದ್ದಕ್ಕೂ ಅಂಗಿಯ ಗುಂಡಿ ತಿರುವಿ ತಿರುವಿ ಒಂದು ಕಿತ್ತೇಹೋಯಿತು. ಹೇಳಿದೆ. ರೈತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೊತ್ತಿತ್ರಿ. ಅವತ್ತೇ ಅಜ್ಜನ ಕೈಯಾಗಿನ ಕಡ್ಡಿ ಎಣಿಸಿದ್ದೆ. ಎಲ್ಲಾ ಇದ್ವು. ನೀವು ಯಾವಾಗ ಬರ್ತೀರಿ ಅಂತ ನೋಡ್ತಿದ್ದೆ" ಎಂದ. ಅಜ್ಜನ ಕಡೆ ತಿರುಗಿ ಕೈಮುಗಿದ.

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಕರೆದ ಶಾಲೆಗಳಿಗೆ ಈಗಲೂ ಹೋಗುತ್ತೇನೆ, ಈಗಲೂ ಪುಟಗಟ್ಟಲೆ ಬರೆದುಕೊಂಡು, ಈಗಲೂ ಊಟ ಬಿಟ್ಟು. ಒಳಗೆ ಹೋಗುವ ಮೊದಲು ನೆನೆಯುವುದು ಮಾತ್ರ ತೊಗರ್ಸಿಯ ಆ ಸೋಮವಾರದ ಮಧ್ಯಾಹ್ನವನ್ನು: ರೈತನ ಹೊಲ ದಾಟಿದ ಮೇಲೆ ಅಜ್ಜ ಬದುವಿನ ಮೇಲೆ ಕೂತ, ನನ್ನನ್ನೂ ಕೂರಿಸಿಕೊಂಡ, ಬೀಡಿ ಹಚ್ಚಿದ.