ಖಫ್ಜಿಯಿಂದ ಕಂಡ ಹಿಮಶಿಖರ

ಸೌದಿಯ ಕಡಲತೀರದ ಊರು ಖಫ್ಜಿಯ ನಮ್ಮ ಕೋಣೆಯಲ್ಲಿ ಮೂವರಿದ್ದೆವು: ಉಡುಪಿ ಕಡೆಯ ನಾನು, ಅಂಗಡಿ ನೋಡಿಕೊಳ್ಳುವ ಭಟ್ಕಳದವನು, ಮತ್ತೆ ನೇಪಾಳದ ಒಬ್ಬ ವೆಲ್ಡರ್. ಕಿಟಕಿ ತೆರೆದರೆ ಸಮುದ್ರ, ಬಾಗಿಲು ತೆರೆದರೆ ಮರಳು, ಎತ್ತ ನೋಡಿದರೂ ದೋಸೆಕಲ್ಲಿನ ಹಾಗೆ ಚಪ್ಪಟೆ. ಇಂಥ ಊರಿನಲ್ಲಿ ಕುಳಿತು ಆ ವೆಲ್ಡರ್ ದಿನವಿಡೀ ಬೆಟ್ಟದ ಮಾತಾಡುತ್ತಿದ್ದ.

ಅವನ ದೇಶಕ್ಕೆ ಸಮುದ್ರವೇ ಇಲ್ಲ. ಒಂದು ಕಡೆ ಚೀನಾ, ಉಳಿದ ಮೂರು ಕಡೆ ನಾವು. ಅದರ ಕೊರಗು ಒಂದಿಷ್ಟಾದರೂ ಇದೆಯೋ ಎಂದರೆ ಇಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೆ ಸಾಕು, ಅವನ ಅಜ್ಜಂದಿರು ಟಿಬೆಟಿನ ಉಪ್ಪನ್ನು ಕುರಿಗಳ ಬೆನ್ನಿಗೆ ಹೇರಿ ಬೆಟ್ಟ ದಾಟಿಸಿದ ಚರಿತ್ರೆ ಶುರು. ಚರಿತ್ರೆ ಮುಗಿಯುವಾಗ ಸಾರು ತಣ್ಣಗಾಗಿರುತ್ತಿತ್ತು, ಉಪ್ಪು ಮಾತ್ರ ಬಿದ್ದಿರುತ್ತಿರಲಿಲ್ಲ. ನಿಮ್ಮನ್ನು ಬ್ರಿಟಿಷರು ಆಳಿದರು, ನಮ್ಮನ್ನು ಯಾರೂ ಆಳಲಿಲ್ಲ ಎಂದು ಆಗಾಗ ಚುಚ್ಚುತ್ತಿದ್ದ. ಗಡಿಯಾರದಲ್ಲೂ ಬಿಗುಮಾನ: ಅವರ ಸಮಯ ನಮ್ಮ ಊರಿಗಿಂತ ಕಾಲು ಗಂಟೆ ಮುಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಮನೆಯಂಗಳದಿಂದ ಹಿಮದ ಶಿಖರ ಕಾಣುತ್ತದಂತೆ. ಹಾಗಾದರೆ ತೋರಿಸು ಎಂದೆವು. ಪ್ರತಿ ಶುಕ್ರವಾರ ಬೆಳಿಗ್ಗೆ ಅವನ ಅಮ್ಮ ವಿಡಿಯೋ ಕಾಲ್ ಮಾಡಿ ಫೋನನ್ನು ಅಂಗಳದತ್ತ ತಿರುಗಿಸುವರು. ಕಾಣುವುದು ಒಂದು ಮೇಕೆ, ಒಣಗಲು ಕಟ್ಟಿದ ಜೋಳದ ತೆನೆ, ಹಿಂದೆ ಬರೀ ಮೋಡ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇದು ನುಣ್ಣಗೋ ಒರಟೋ ಎಂದು ಹೇಳಲಿಕ್ಕೂ ಮೊದಲು ಕಾಣಬೇಕಲ್ಲ ಎಂದು ನಾನು ಛೇಡಿಸುತ್ತಿದ್ದೆ. ಬೆಟ್ಟವೇ ಇಲ್ಲ, ಮೇಕೆ ಮಾತ್ರ ನಿಜ ಎಂದು ಸಾರಿದವನೂ ನಾನೇ.

ಕೊನೆಗೆ ಅವನು ಕೆಲಸ ಬಿಟ್ಟು ಊರಿಗೆ ಹೊರಟುನಿಂತ. ಹೊರಡುವ ಮುಂಚಿನ ಕೊನೆಯ ಶುಕ್ರವಾರ ಬಂತು.

"ಇವತ್ತು ಕಾಣದಿದ್ದರೆ ನಾನು ಸುಳ್ಳುಗಾರ ಅಂತಲೇ ನಿಮಗೆ ನೆನಪಿರುತ್ತದೆ, ಅಣ್ಣ," ಎಂದ. ನಗುತ್ತಲೇ ಹೇಳಿದ, ಆದರೆ ಅವನಿಗೆ ನೋವಾಗಿತ್ತು. ನನಗೂ ಒಂಥರಾ ಆಯಿತು.

ಅವನು ಸ್ನಾನಕ್ಕೆ ಹೋದಾಗಲೇ ಅವನ ಫೋನ್ ಬಡಿದುಕೊಂಡಿತು. ಎತ್ತಿದೆ. ಅಮ್ಮ ಅವರ ಭಾಷೆಯಲ್ಲಿ ಏನೋ ಅವಸರದಿಂದ ಹೇಳಿ ಫೋನ್ ತಿರುಗಿಸಿದರು. ಮೇಕೆ, ತೆನೆ, ನೀಲಿ ಆಕಾಶ. ನಾನು ಬೆಟ್ಟವನ್ನು ಕೆಳಗೆ ಹುಡುಕುತ್ತಿದ್ದೆ. ಅದು ಮೇಲಿತ್ತು, ಬೆಟ್ಟ ಇರಬೇಕಾದ ಜಾಗಕ್ಕಿಂತ ಎಷ್ಟೋ ಮೇಲೆ, ಬೆಳ್ಳಗೆ. ಸ್ಕ್ರೀನ್‌ಶಾಟ್ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಓಡಿಹೋಗಿ ಬಚ್ಚಲ ಬಾಗಿಲು ಬಡಿದೆ. ಅವನು ತಲೆ ತುಂಬ ಸೋಪಿನ ನೊರೆಯೊಂದಿಗೆ ಟವೆಲ್ ಸುತ್ತಿಕೊಂಡು ಬರುವಷ್ಟರಲ್ಲಿ ಮೋಡ ಮುಚ್ಚಿ, ಮೇಕೆ ಮಾತ್ರ ಉಳಿದಿತ್ತು.

ಭಟ್ಕಳದವನು ಕಂಬಳಿಯೊಳಗಿಂದ ತಲೆ ಹೊರಹಾಕಿದ.

"ಇಷ್ಟು ದಿನ ಇಲ್ಲ ಅಂದದ್ದು ನೀನೇ ಅಲ್ವಾ ಮಾರಾಯ? ಹೋಗುವವನಿಗೆ ಬೇಜಾರಾಗ್ತದೆ ಅಂತ ಈಗ ಎಂತ ಸುಳ್ಳು?"

ನನ್ನ ಪಿತ್ತ ನೆತ್ತಿಗೇರಿತು. ಆಣೆ ಹಾಕಿದೆ, ಅವನು ಇನ್ನಷ್ಟು ನಕ್ಕ. ಕೈ ಎತ್ತಿ ಎತ್ತರ ತೋರಿಸಿದೆ, ಹೊಟ್ಟೆ ಹಿಡಿದುಕೊಂಡ. ವೆಲ್ಡರ್ ಮಾತ್ರ ಕಣ್ಣಿಗಿಳಿದ ಸೋಪು ಒರೆಸಿಕೊಳ್ಳುತ್ತ ನನ್ನ ಎತ್ತಿದ ಕೈಯನ್ನೇ ನೋಡುತ್ತಿದ್ದ. ಅವನ ಮುಖ ಅರಳಿತ್ತು.

"ಇನ್ನು ಮುಂದೆ ಬೆಟ್ಟದ ಮಾತು ನೀವೇ ಹೇಳಿಕೊಳ್ಳಿ ಅಣ್ಣ," ಎಂದವನೇ ಬಚ್ಚಲಿಗೆ ಮರಳಿದ.

ಅವನ ಮಂಚಕ್ಕೆ ಈಗ ಹೊಸಬನೊಬ್ಬ ಬಂದಿದ್ದಾನೆ. ಮೊನ್ನೆ ಊಟದ ಹೊತ್ತಿಗೆ ಶಿಖರದ ಸುದ್ದಿ ತೆಗೆದೆ. ಫೋಟೋ ಇದೆಯಾ ಎಂದು ಕೇಳಿದ. ಭಟ್ಕಳದವನು ಆಗಲೇ ನಗಲು ಶುರುಮಾಡಿದ್ದ. ನಾನು ಅನ್ನದ ಕೈಯನ್ನೇ ಮೇಲೆತ್ತಿ, ಇಷ್ಟು ಎತ್ತರ ಎಂದೆ.