ಸದಸ್ಯರ ಪಟ್ಟಿ

ನಾನು ಗಜೇಂದ್ರಗಡ ಸೀಮೆಯ ನೇಕಾರ. ನನ್ನ ಮಗ್ಗದ ನೂಲಿಗೆಲ್ಲ ಬಣ್ಣ ಹಾಕುತ್ತಿದ್ದವನು ಶಾಲೆಯಿಂದಲೂ ನನ್ನ ಗೆಳೆಯ. ಮುಸಲ್ಮಾನರ ಹೊಸ ಪಕ್ಷವೊಂದು ನಮ್ಮೂರಿಗೆ ಬಂದಾಗ ಅವನು ಅದರ ಊರ ಘಟಕದ ಅಧ್ಯಕ್ಷನಾದ. ತಮ್ಮ ಓಣಿಗೆ ಗಟಾರ ಬೇಕು, ಹುಡುಗಿಯರಿಗೆ ಹೈಸ್ಕೂಲು ಬೇಕು ಎಂದು ಮನೆಮನೆ ತಿರುಗಿದ. ಊರಿನ ಚುನಾವಣೆಯಲ್ಲಿ ಅವರ ಪಕ್ಷದ ಇಬ್ಬರು ಗೆದ್ದರು.

ಮರುವಾರವೇ ನಮ್ಮ ಓಣಿಯ ಹಿರಿಯರು, "ಇನ್ನ ಅವಂಗ ನೂಲು ಕೊಡೂದು ಬ್ಯಾಡ" ಅಂದರು. ನಾನು ಕೊಡಲಿಲ್ಲ. ನೂಲಿನ ಗಂಟು ಹೊತ್ತು, ಬಣ್ಣ ಹಾಕಿಸಲು ಬಸ್ಸಿನಲ್ಲಿ ನರಗುಂದಕ್ಕೆ ಹೋಗತೊಡಗಿದೆ. ದಾರಿಯಲ್ಲಿ ಅವನು ಎದುರಾದರೆ ಚಪ್ಪಲಿ ನೋಡುತ್ತ ನಡೆಯುತ್ತಿದ್ದೆ.

ಎರಡು ವರ್ಷಕ್ಕೆ ಆ ಪಕ್ಷ ಒಡೆಯಿತು. ಅದರ ದೊಡ್ಡ ನಾಯಕ ಬೇರೆ ಪಕ್ಷ ಸೇರಿದ, ಗೆದ್ದ ಇಬ್ಬರೂ ಅವನ ಹಿಂದೆ ಹೋದರು. ಗೆಳೆಯ ಹೋಗಲಿಲ್ಲ.

ಒಂದು ಮಧ್ಯಾಹ್ನ, ಅವನಲ್ಲಿ ಉಳಿದಿದ್ದ ನನ್ನ ಹಳೆಯ ನೂಲಿನ ಲಡಿಗಳನ್ನು ತರಲು ಹೋದೆ. ಒಲೆಯ ಮೇಲೆ ಬಣ್ಣದ ಹಂಡೆ ಕುದಿಯುತ್ತಿತ್ತು. ಅವನು ಲಡಿ ತಂದು ಮುಂದಿಟ್ಟ. ಅಷ್ಟರಲ್ಲಿ, ಪಕ್ಷ ಬಿಟ್ಟುಹೋದವರ ಕಡೆಯ ನಾಲ್ವರು ಒಳನುಗ್ಗಿದರು. ಒಬ್ಬ ಬಾಗಿಲ ಚಿಲಕ ಹಾಕಿದ.

"ಸದಸ್ಯರ ಪಟ್ಟಿ ಕೊಡು. ಎಲ್ಲಾರ್ನೂ ನಮ್ಮ ನಾಯಕರ ಪಕ್ಷಕ್ಕ ಕರಕೊಂಡ ಬರ್ತೀವಂತ ಮಾತ ಕೊಟ್ಟೇವಿ."

"ಮಂದಿ ನನ್ನ ನಂಬಿ ಸಹಿ ಮಾಡ್ಯಾರ. ಅವರನ್ನ ಕೇಳದ ಹ್ಯಾಂಗ ಕೊಡ್ಲಿ?"

"ಪಕ್ಷಾನ ಉಳದಿಲ್ಲ. ಪಟ್ಟಿ ಇಟಗೊಂಡ ಏನ ಮಾಡ್ತಿ?"

ಚಿಲಕ ಹಾಕಿದವನು ನನ್ನತ್ತ ತಿರುಗಿದ. "ನೀವು ಹೊರಗ ನಡೀರಿ."

ಹೋಗಬೇಕೆಂದೇ ಎದ್ದಿದ್ದೆ. ಗೆಳೆಯ ನನ್ನತ್ತ ನೋಡಲೂ ಇಲ್ಲ, ನಾನು ಹೋಗಿಯೇ ಹೋಗುತ್ತೇನೆಂದು ಅವನಿಗೆ ಖಾತ್ರಿಯಿತ್ತು. ಅದು ನನ್ನನ್ನು ಚುಚ್ಚಿತು.

"ನಂದಿನ್ನೂ ಕೆಲಸ ಮುಗದಿಲ್ರಿ" ಎಂದು ಮತ್ತೆ ಕೂತೆ.

ಗೆಳೆಯ ಗೋಡೆಯ ಮಾಡದಿಂದ ಸದಸ್ಯರ ಸಹಿಗಳಿದ್ದ ದಪ್ಪ ನೋಟಬುಕ್ಕು ತೆಗೆದ. ಅವರು ಕೈಚಾಚಿದರು. ಅವನು ಬಗ್ಗಿ ಅದನ್ನು ಒಲೆಯೊಳಗೆ ತಳ್ಳಿದ. ಅದನ್ನು ಕಸಿಯಲು ಅವರು ಮೇಲೆ ಬಿದ್ದ ನೂಕಾಟದಲ್ಲಿ ಹಂಡೆ ವಾಲಿ, ಕುದಿಯುವ ಕೆಂಪು ಬಣ್ಣ ಅವನ ಬಲಗೈ ಮೇಲೆ ಸುರಿಯಿತು. ಅವನ ಚೀರಾಟಕ್ಕೆ ಬೆದರಿ ನಾಲ್ವರೂ ಚಿಲಕ ತೆಗೆದು ಓಡಿದರು.

ಕೈಗೆ ತಣ್ಣೀರು ಸುರಿದು ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಪಟ್ಟಿ ಕಟ್ಟುವಾಗ ಅವನು ಹಲ್ಲು ಕಚ್ಚಿ ಕೇಳಿದ, "ನೀ ಯಾಕ ಕುಂತಿ?"

"ಗೊತ್ತಿಲ್ಲೋ."

ಅವನ ಕೈ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅವನು ಹೇಳಿದಂತೆ ಹಂಡೆಯಲ್ಲಿ ನೂಲು ಅದ್ದಿದವನು ನಾನು. ನಮ್ಮ ಓಣಿಯ ಹಿರಿಯರು ನನ್ನೊಡನೆ ಮಾತು ಬಿಟ್ಟರು. ಗೆಳೆಯ ಮತ್ತೆ ಯಾವ ಪಕ್ಷಕ್ಕೂ ಸೇರಲಿಲ್ಲ. ಗಟಾರದ ಅರ್ಜಿ ಮಾತ್ರ ಈಗಲೂ ವರ್ಷಕ್ಕೊಮ್ಮೆ ಕೊಡುತ್ತಾನೆ, ಬರೀ ತನ್ನ ಹೆಸರಿನಲ್ಲಿ.