‘ಮತ್ತೆ’ ಅಂದರೆ ನಿಲ್ಲುವ ನಾಯಿಗಳು

ನವೆಂಬರ್ ಎರಡನೇ ವಾರ, ಬೆಳಗಿನ ಆರು ಗಂಟೆ. ತೆದೋರಿ ನದಿಯ ಏರಿಯ ಮೇಲೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಾತ್ಯಾಯಿನಿ ಸೈಕಲ್ಲನ್ನು ಚೆರ್ರಿ ಮರಕ್ಕೆ ಒರಗಿಸಿ, ಸೊಂಟಕ್ಕೊಂದು ಗಂಟೆ ಕಟ್ಟಿಕೊಂಡು, ಬುಟ್ಟಿಯಿಂದ ಇಕ್ಕಳ ಹೊರತೆಗೆಯುತ್ತಾರೆ. ಗಂಟೆ ಕರಡಿಗಾಗಿ. ಚೆಸ್ಟ್‌ನಟ್ ಉದುರುವ ಕಾಲಕ್ಕೆ ಬೆಟ್ಟ ಇಳಿದು ಬರುವ ಕರಡಿಗೆ, ಮನುಷ್ಯರು ಬರುತ್ತಿದ್ದಾರೆಂದು ಮೊದಲೇ ತಿಳಿಸಿಬಿಟ್ಟರೆ ಅದರ ಪಾಡಿಗೆ ಅದು ಹೋಗುತ್ತದೆ. ಇಕ್ಕಳ ಮೈಸೂರಿನದು. ಬಿಸಿ ಪಾತ್ರೆ ಇಳಿಸಲೆಂದು ಅತ್ತೆ ಸರಸ್ವತಮ್ಮ ಸೂಟ್‌ಕೇಸಿನಲ್ಲಿ ಇಟ್ಟುಕೊಟ್ಟ ಇಕ್ಕಳ ಈಗ ಚೆಸ್ಟ್‌ನಟ್‌ನ ಮುಳ್ಳುಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದೆ. ಸಿಪ್ಪೆಯ ಮುಳ್ಳು ಸೂಜಿಯಷ್ಟು ಚೂಪು. ಬೂಟು ಹಾಕಿದವರಿಗೆ ಅದು ಲೆಕ್ಕಕ್ಕಿಲ್ಲ, ಕಷ್ಟವೇನಿದ್ದರೂ ಬರಿಗಾಲಿನವರಿಗೆ. ಈ ದಾರಿಯಲ್ಲಿ ಬರಿಗಾಲಿನಲ್ಲಿ ನಡೆಯುವವು ನಾಯಿಗಳು ಮಾತ್ರ.

ತಮಾಷೆಯೆಂದರೆ, ನಾಯಿಗಳಿಗೂ ಈಗ ಇಲ್ಲಿ ದಾರಿಯಿಲ್ಲ. ಏರಿ ಶುರುವಾಗುವ ಕಡೆ ಊರಿನ ಸಂಘದವರು ಹೋದ ವಾರ ಹಲಗೆಯೊಂದನ್ನು ನೆಟ್ಟಿದ್ದಾರೆ. ಮುಂದಿನ ತೀರ್ಮಾನದವರೆಗೆ ನಾಯಿಗಳಿಗೆ ಪ್ರವೇಶವಿಲ್ಲ ಎಂದು ಅದರಲ್ಲಿ ಬರೆದಿದೆ. ಕಾತ್ಯಾಯಿನಿ ದಿನಾ ಆ ಹಲಗೆಯ ಪಕ್ಕದಲ್ಲೇ ಸೈಕಲ್ಲು ನಿಲ್ಲಿಸುತ್ತಾರೆ.

“ಇನ್ನೇನು ಸ್ನೋ ಬೀಳತ್ತೆ. ಮುಳ್ಳು ಅದರ ಕೆಳಗೇ ಕೂತ್ಕೊಂಡಿರತ್ತೆ, ಬೇಗ ಕೊಳೆಯೋದೂ ಇಲ್ಲ. ಏಪ್ರಿಲ್‌ನಲ್ಲಿ ಎಲ್ಲಾ ಕರಗಿದ ಮೇಲೆ ಫಸ್ಟ್ ಬರೋ ನಾಯಿ ಕಾಲಿಗೆ ಚುಚ್ಚತ್ತೆ,” ಎನ್ನುತ್ತಾರೆ ಅವರು, ತಲೆ ಎತ್ತದೆ. “ಬಿಡ್ತಾರೋ ಇಲ್ವೋ, ಅದು ಅವರ ಡಿಸಿಷನ್. ದಾರಿ ಕ್ಲೀನ್ ಮಾಡೋದು ನನ್ ಕೆಲಸ ಅಲ್ವಾ?”

ಜಪಾನಿನ ಇಶಿಕಾವಾ ಪ್ರಾಂತ್ಯದ ನೋಮಿ ಸೀಮೆಯಿಂದ ಹಾಕುಸಾನ್ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ, ನದಿ ಹತ್ತಿರವಾಗುವ ಜಾಗದಲ್ಲಿ, ಯಮಾಗಿಶಿ-ಸಾನ್ ಅವರ ಅಂಗಡಿಯಿದೆ; ಹೆಸರಿನ ಕೊನೆಯ ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ. ಮಧ್ಯಾಹ್ನ ಊಟದ ಮನೆ, ಸಂಜೆಯಾದರೆ ಊರಿನ ಗಂಡಸರು ‘ಸಾಕೆ’ ಎಂಬ ಅಕ್ಕಿಯ ಮದ್ಯ ಕುಡಿಯುತ್ತಾ ಕೂರುವ ತಾಣ. ಒಡತಿಗೆ ಎಪ್ಪತ್ತೊಂದು ವರ್ಷ, ಮಂಡಿ ನೋವು, ಬಾಯಿ ಮಾತ್ರ ಚುರುಕು. ಬಿಸಿನೀರ ಬುಗ್ಗೆಗಳಿಗೆ ಕಾರಿನಲ್ಲಿ ಹೊರಟವರಿಗೆ ಇದು ದಣಿವಾರಿಸಿಕೊಳ್ಳುವ ನಿಲ್ದಾಣ. ಈಚೆಗೆ ಜಪಾನಿನಲ್ಲಿ ನಾಯಿ ಸಾಕುವ ಹುಚ್ಚು ಜೋರಾಗಿರುವುದರಿಂದ ಕಾರಿನ ಹಿಂದಿನ ಸೀಟಿನಲ್ಲಿ ಒಂದು ನಾಯಿಯೂ ಇರುತ್ತದೆ. ಒಡೆಯರು ಒಳಗೆ ಊಟ ಮಾಡುವಷ್ಟು ಹೊತ್ತು ನಾಯಿಗಳನ್ನು ಏರಿಯ ಮೇಲೆ ತಿರುಗಾಡಿಸಿ, ಕಾಲು ತೊಳೆದು, ಒರೆಸಿ, ಮರಳಿ ಒಪ್ಪಿಸುವವರು ಕಾತ್ಯಾಯಿನಿ. ಮೂರು ವರ್ಷದಿಂದ ಅವರ ಕೆಲಸ ಇದೇ. ಮೈಸೂರಿನಲ್ಲಿ ಓದಿದ್ದು ಇತಿಹಾಸದಲ್ಲಿ ಎಂ.ಎ.

ಹೋಗಿ ಬರಲು ದಾರಿ ಎರಡು ಕಿಲೋಮೀಟರು ಎಂಟುನೂರು ಮೀಟರು. ಒಮ್ಮೆಗೆ ಮೂರಕ್ಕಿಂತ ಹೆಚ್ಚು ನಾಯಿ ಹಿಡಿಯುವುದಿಲ್ಲ. ವಾರದ ದಿನಗಳಲ್ಲಿ ನಾಲ್ಕೈದು ಬರುತ್ತವೆ, ಭಾನುವಾರ ಹದಿನೆಂಟರವರೆಗೂ ಹೋದದ್ದುಂಟು. ಅಂದರೆ ಒಂದೇ ದಿನ ಎಪ್ಪತ್ತೆರಡು ಪಾದ ತೊಳೆದಂತಾಯಿತು. ನಮ್ಮಲ್ಲಿ ಮದುವೆಯ ದಿನ ಅಳಿಯನ ಎರಡು ಪಾದ ತೊಳೆಯುವುದಕ್ಕೆ ಎಷ್ಟು ಗಲಾಟೆ ಮಾಡುತ್ತೇವೆ ಎಂದು ನೆನೆದು ಅವರಿಗೆ ನಗು. ವೀಸಾದ ನಿಯಮದಂತೆ ವಾರಕ್ಕೆ ಇಪ್ಪತ್ತೆಂಟು ಗಂಟೆ ಮೀರಿ ದುಡಿಯುವಂತಿಲ್ಲ. ಬೆಳಗಿನ ಈ ಮುಳ್ಳು ಹೆಕ್ಕುವ ಹೊತ್ತು ಆ ಗಂಟೆಗಳಲ್ಲಿ ಸೇರಿಲ್ಲ.

ಇದು ಕನ್ನಡಿಗರು ವೈಟುಕೆ ಎಂಬ ಕಂಪ್ಯೂಟರ್ ಗಂಡಾಂತರದ ಹೆಸರಿನಲ್ಲಿ ವಿಮಾನ ಹತ್ತಿದ ಕಾಲ. ಎರಡು ಸಾವಿರದ ಇಸವಿ ಬಂದೂ ಹೋಯಿತು, ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ, ಹತ್ತಿದವರು ಮಾತ್ರ ಇಳಿಯಲಿಲ್ಲ. ಜಪಾನಿನಲ್ಲಿದ್ದಾರೆ ಎಂದರೆ ಸಾಫ್ಟ್‌ವೇರೇ ಇರಬೇಕೆಂದು ಮೈಸೂರಿನ ಬೀದಿಯೂ ತೀರ್ಮಾನಿಸಿಬಿಟ್ಟಿದೆ. ಕಾತ್ಯಾಯಿನಿಯವರ ಪತಿ ಹರಿಪ್ರಸಾದ ಸಾಫ್ಟ್‌ವೇರಿನವರಲ್ಲ. ನೋಮಿಯ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಗಾಜಿನಂಥ ವಸ್ತುಗಳ ಮೇಲೆ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ ಬಂದ ಕಾತ್ಯಾಯಿನಿ ಮೊದಲ ತಿಂಗಳು ಮಾತಾಡಿದ್ದಕ್ಕಿಂತ ತಲೆಬಾಗಿದ್ದೇ ಹೆಚ್ಚು. ಎಲ್ಲರೂ ಅವರನ್ನು ‘ಓಕುಸಾನ್’ ಎನ್ನುತ್ತಿದ್ದರು, ಅಂದರೆ ಯಾರದೋ ಹೆಂಡತಿ. ಹೆಸರು ಕೇಳಿದವರಿಲ್ಲ.

ನಾಯಿ ಎಂದರೆ ಅವರಿಗೆ ಜೀವಭಯ. ಒಂಬತ್ತನೇ ವಯಸ್ಸಿನಲ್ಲಿ ಅಗ್ರಹಾರದ ಸಂದಿಯಲ್ಲಿ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿ, ದೊಡ್ಡಾಸ್ಪತ್ರೆಯಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಆಗಿತ್ತು. ಆಮೇಲೆ ಇಪ್ಪತ್ತು ವರ್ಷ ನಾಯಿ ಕಂಡ ರಸ್ತೆ ಬಿಟ್ಟು ಪಕ್ಕದ ರಸ್ತೆಯಲ್ಲಿ ನಡೆದವರು. “ಹದಿನಾಲ್ಕೂ ಲೆಕ್ಕ ಇಟ್ಟಿದೀನಿ. ಈಗಲೂ ದೊಡ್ಡ ನಾಯಿ ಸಡನ್ನಾಗಿ ಬೊಗಳಿದ್ರೆ ಕೈ ಮೊದಲು ಹೊಟ್ಟೆಗೆ ಹೋಗತ್ತೆ,” ಎನ್ನುತ್ತಾರೆ.

ಅಂಥವರ ಕೈಗೆ ಹಗ್ಗ ಬಂದದ್ದು ಮಳೆಯಿಂದ. ಅದೇ ವರ್ಷ ಅಕ್ಟೋಬರಿನ ಒಂದು ಮಧ್ಯಾಹ್ನ ಏರಿಯ ಮೇಲೆ ನಡೆಯುತ್ತಿದ್ದಾಗ ಮಳೆ ಹಿಡಿದು, ಯಮಾಗಿಶಿ-ಸಾನ್ ಅಂಗಡಿಯ ಜಗಲಿಯಲ್ಲಿ ನಿಂತರು. ಒಡತಿ ಹೊರಗೆ ಬಂದು, ತಮ್ಮ ಮುದಿ ನಾಯಿಯ ಹಗ್ಗವನ್ನು ಅವರ ಕೈಗಿತ್ತು, ಐದು ಬೆರಳು ತೋರಿಸಿ ಒಳಗೆ ಹೋದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಹಗ್ಗ ಬಿಟ್ಟು ಓಡುವಂತಿಲ್ಲ, ಕೂಗಿ ಕರೆಯೋಣವೆಂದರೆ ಬರುವ ಜಪಾನಿ ಮಾತು ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’, ಒಂದೇ. ನಾಯಿ ಇವರನ್ನೇ ನೋಡುತ್ತಾ ನಿಂತಿತ್ತು. ಏನಾದರೂ ಹೇಳಬೇಕಲ್ಲ ಎಂದು ಕಾತ್ಯಾಯಿನಿ ಹೇಳಿದರು: “ಮತ್ತೆ?”

ನಾಯಿ ತಟ್ಟನೆ ಕೂತುಬಿಟ್ಟಿತು.

ನಮ್ಮವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಹೇಳುವುದೆಲ್ಲ ಮುಗಿದ ಮೇಲೂ ಫೋನ್ ಇಡಲು ಮನಸ್ಸಾಗದವರು ಆಡುವ ಮಾತು ‘ಮತ್ತೆ?’. ತಂಗಿ ಮಾಲತಿಯ ಜೊತೆ ಫೋನ್ ಕಾರ್ಡು ಖಾಲಿಯಾಗುವವರೆಗೆ ಕಾತ್ಯಾಯಿನಿ ಹತ್ತು ಸಲ ‘ಮತ್ತೆ’ ಅನ್ನುತ್ತಾರೆ. ಜಪಾನೀಯರಿಗೂ ಈ ಮಾತಿದೆ, ಆದರೆ ಅವರಲ್ಲಿ ‘ಮತ್ತೆ’ ಎಂದರೆ ‘ತಡಿ, ಕಾಯಿ’. ನಾಯಿಗೆ ಕಲಿಸುವಾಗ ‘ಮತೆ’ ಎಂದು ಮೊಟಕಾಗಿ ಹೇಳುತ್ತಾರೆ, ಮನುಷ್ಯರಿಗೆ ‘ಮತ್ತೆ’ ಎನ್ನುತ್ತಾರೆ. ನಾಯಿಗೆ ಅಷ್ಟು ವ್ಯಾಕರಣ ಬೇಕಾಗಿಲ್ಲ.

ಅಂದು ಒಳಗಿನಿಂದ ಬಂದ ಯಮಾಗಿಶಿ-ಸಾನ್ ಕಂಡದ್ದು ಇಷ್ಟು: ಯಾರ ಮಾತೂ ಕೇಳದ ತಮ್ಮ ನಾಯಿ ಈ ವಿದೇಶಿ ಹೆಂಗಸಿನ ಮುಂದೆ ಶಿಷ್ಯನ ಹಾಗೆ ಕೂತಿದೆ. ಮಾರನೆಯ ದಿನವೇ ಕೆಲಸಕ್ಕೆ ಕರೆದರು. ಕಾತ್ಯಾಯಿನಿ ಒಪ್ಪಿದ್ದು ಯಾಕೆ ಎಂದರೆ ಅವರ ಹತ್ತಿರ ಒಂದೇ ಉತ್ತರ: “ಅವರು ನನ್ನ ಹೆಸರು ಕೇಳಿದ್ರು.”

ಮೊದಲ ವರ್ಷದ ಫಜೀತಿ ಹೇಳತೀರದು. ನಡೆಯುತ್ತಾ ನಾಯಿಗಳ ಜೊತೆ ಕನ್ನಡದಲ್ಲಿ ಹರಟುವುದು ಅವರಿಗೆ ಭಯ ಕಳೆಯುವ ಉಪಾಯ. ಹರಟೆಯೆಂದ ಮೇಲೆ ‘ಮತ್ತೆ’ ಬರದೆ ಇರುತ್ತದೆಯೇ? ಬಂದಾಗಲೆಲ್ಲ ಮೂರು ನಾಯಿಗಳೂ ನೆಟ್ಟ ಕಂಬದಂತೆ ನಿಂತವು. ನಲವತ್ತು ನಿಮಿಷದ ಸುತ್ತು ಒಂದೂಕಾಲು ಗಂಟೆ ಹಿಡಿದು, ಊಟ ಮುಗಿಸಿದವರು ಜಗಲಿಯಲ್ಲಿ ಗಡಿಯಾರ ನೋಡುತ್ತಾ ನಿಂತರು. ತಪ್ಪು ತಮ್ಮದೇ ಎನಿಸಿ ಕಾತ್ಯಾಯಿನಿ ಪ್ರತಿ ಸಲವೂ ನಾಯಿಗಳಿಗೆ ಒಂದೊಂದು ಬಿಸ್ಕತ್ತು ಕೊಟ್ಟರು. ಬಿಸ್ಕತ್ತು ಸಿಗುವ ಮಾತನ್ನು ಯಾವ ನಾಯಿ ಮರೆತೀತು? ಒಂದು ವರ್ಷ ಕಳೆಯುವಷ್ಟರಲ್ಲಿ, ಯಮಾಗಿಶಿ-ಸಾನ್ ಅಂಗಡಿಯಲ್ಲಿ ನಾಯಿ ಬಿಟ್ಟು ಊಟ ಮಾಡಿದರೆ ಅದು ಬುದ್ಧಿ ಕಲಿತು ಬರುತ್ತದೆ ಎಂದು ನಗೋಯಾದವರೆಗೂ ಸುದ್ದಿಯಾಗಿತ್ತು. ಇವರನ್ನು ‘ಮತ್ತೆ-ಸಾನ್’ ಎಂದೇ ಕರೆಯುವವರು ಹುಟ್ಟಿಕೊಂಡರು.

ಟೋಕಿಯೊದ ಕೋಟೋ ಬಡಾವಣೆಯಲ್ಲಿ ಇಪ್ಪತ್ತನೇ ಮಹಡಿಯಲ್ಲಿರುವ ಗೆಳತಿ ವಿಜಯಾ ಹೋದ ಬೇಸಗೆಯಲ್ಲಿ ಗಂಡನ ಜೊತೆ ಕಾರಿನಲ್ಲಿ ಬಂದವರು, ಕಾತ್ಯಾಯಿನಿ ಪ್ಲಾಸ್ಟಿಕ್ ಚೀಲ ಹಿಡಿದು ನಾಯಿಯ ಹಿಂದೆ ಬಗ್ಗಿದ್ದನ್ನು ಕಂಡು ಕಂಗಾಲಾದರು. “ಎಂ.ಎ. ಮಾಡಿದೋರು ನೀವು. ಊರಲ್ಲಿ ಗೊತ್ತಾದ್ರೆ ಏನಂದ್ಕೋತಾರೆ?” ಎಂದರು. “ನೀವು ಹೇಳದಿದ್ರೆ ಗೊತ್ತಾಗಲ್ಲ ಬಿಡಿ,” ಎಂದರು ಕಾತ್ಯಾಯಿನಿ. ವಿಜಯಾ ಹೇಳಿದರು, ಇಕ್ಕಳದ ಸಂಗತಿಯನ್ನೂ ಸೇರಿಸಿ. ಸರಸ್ವತಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಆ ಇಕ್ಕಳವನ್ನು ಮತ್ತೆ ಅಡುಗೆಮನೆಗೆ ತರುತ್ತೀಯಾ ಅಂತ. ಇಲ್ಲವೆಂದು ಖಾತ್ರಿಯಾದ ಮೇಲೆ, ಬರುವವರ ಕೈಯಲ್ಲಿ ಇನ್ನೊಂದು ಇಕ್ಕಳ ಕಳಿಸಿದರು.

ಹಲಗೆ ನೆಡುವಂತೆ ಮಾಡಿದ ಪ್ರಸಂಗ ನಡೆದದ್ದು ಅಕ್ಟೋಬರಿನ ಕೊನೆಯ ಭಾನುವಾರ. ನಗೋಯಾದ ನಿವೃತ್ತ ಬಸ್ ಚಾಲಕ ಮಿಯಾಕೆ-ಸಾನ್ ತಮ್ಮ ಗೋಲ್ಡನ್ ರಿಟ್ರೀವರ್ ನಾಯಿಯನ್ನು ಜಗಲಿಯ ಕೊಕ್ಕೆಗೆ ಕಟ್ಟಿ ಊಟಕ್ಕೆ ಕೂತಿದ್ದರು. ನಾಯಿಯ ಹೆಸರು ಕೋಮುಗಿ, ಅಂದರೆ ಗೋಧಿ. ಮೇ ತಿಂಗಳಲ್ಲಿ ಒಮ್ಮೆ ಹಗ್ಗ ಕಿತ್ತುಕೊಂಡು ಗದ್ದೆಗೆ ಇಳಿದಿದ್ದ ಪುಂಡ ನಾಯಿ ಅದು. ಈ ಸಲ ಸವೆದಿದ್ದ ಕೊಕ್ಕೆ ಬಾಯಿ ಬಿಟ್ಟಿತು. ಅಂಗಡಿಯಿಂದ ಹೆದ್ದಾರಿಗೆ ಇಪ್ಪತ್ತು ಹೆಜ್ಜೆ, ಬೆಟ್ಟದ ಕಡೆಯಿಂದ ಮರದ ದಿಮ್ಮಿ ತುಂಬಿದ ಲಾರಿ ಇಳಿಯುತ್ತಿತ್ತು. ಮಿಯಾಕೆ-ಸಾನ್ ಬರೀ ಕಾಲುಚೀಲದಲ್ಲಿ ಹೊರಗೋಡಿ ಬಂದು ಹೆಸರು ಹಿಡಿದು ಕೂಗಿದರು. ಇದು ಆಟವೆಂದುಕೊಂಡ ಕೋಮುಗಿ ಇನ್ನೂ ಜೋರಾಗಿ ಓಡಿತು.

ನಲ್ಲಿಯ ಬಳಿ ಇನ್ನೊಂದು ನಾಯಿಯ ಕಾಲು ತೊಳೆಯುತ್ತಿದ್ದ ಕಾತ್ಯಾಯಿನಿ ಚೀರಿದರು: “ಅಯ್ಯೋ, ಮತ್ತೆ ಹೊರಟ್ಯಾ!”

ರಸ್ತೆಯಂಚಿನ ಬಿಳಿಗೆರೆಯ ಮೇಲೆ ಮುಂಗಾಲಿಟ್ಟು ಕೋಮುಗಿ ನಿಂತಿತು. ಲಾರಿ ಅದರ ಮೂಗಿನ ಮುಂದೆಯೇ ಹಾದುಹೋಯಿತು. ನಾಯಿ ತಿರುಗಿ ನೋಡಿದ್ದು ಬಿಸ್ಕತ್ತಿಗಾಗಿ.

ಕಂಡವರು ಸುಮ್ಮನಿರಲಿಲ್ಲ. ಹೆದ್ದಾರಿಯ ಪಕ್ಕ ಹೀಗೆ ನಾಯಿಗಳನ್ನು ಸೇರಿಸುವುದು ಅಪಾಯ, ಏರಿಯನ್ನು ಶಾಶ್ವತವಾಗಿ ಮುಚ್ಚಿ ಎಂದು ಊರಿನ ಸಂಘಕ್ಕೆ ದೂರು ಹೋಯಿತು. ಏರಿ ಮುಚ್ಚಿದರೆ ಕಾತ್ಯಾಯಿನಿಯ ಕೆಲಸವೂ ಮುಚ್ಚಿದಂತೆ, ‘ಓಕುಸಾನ್’ ಆಗಿ ಮನೆಯಲ್ಲಿ ಕೂರಬೇಕು. ಯಮಾಗಿಶಿ-ಸಾನ್ ಅದಕ್ಕೂ ಮದ್ದು ಕಂಡುಕೊಂಡಿದ್ದರು. ಸಭೆಗೆ ಮುಂಚೆಯೇ ಮನೆಮನೆಗೆ ಹೋಗಿ, ನಮ್ಮ ಕಾತ್ಯಾ-ಸಾನ್ ನಾಯಿ ಪಳಗಿಸುವುದರಲ್ಲಿ ನಿಪುಣೆ, ಒಂದೇ ಆಜ್ಞೆಗೆ ಓಡುವ ನಾಯಿಯನ್ನು ನಿಲ್ಲಿಸಿದಳು ಎಂದು ಹೇಳಿಬಂದಿದ್ದರು. ಸಭೆಯಲ್ಲಿ ಅಧ್ಯಕ್ಷ ನಿಶಿದೆ-ಸಾನ್ ಕೂಡ ಅದನ್ನೇ ಎತ್ತಿದರು. ಇಂಥ ತರಬೇತಿ ಗೊತ್ತಿರುವವರು ಇರುವಾಗ ಭಯವೇನು ಎಂಬ ಧಾಟಿ. ಕಾತ್ಯಾಯಿನಿ ತಲೆಬಾಗಿಸಿ ಒಂದು ‘ಹಾಯ್’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ದೇಶದಲ್ಲಿ ‘ಹೌದು’ ಅನ್ನುವುದಕ್ಕೆ ಅದೊಂದೇ ಅಕ್ಷರ ಸಾಕು.

“ಸುಮಿಮಾಸೆನ್,” ಎಂದು ಶುರುಮಾಡಿದರು ಅವರು. ತಾವು ಆಜ್ಞೆ ಕೊಡಲಿಲ್ಲ, ಗಾಬರಿಯಲ್ಲಿ ತಮ್ಮ ಭಾಷೆ ಬಂತು, ಅದರಲ್ಲಿ ‘ಮತ್ತೆ’ ಎಂದರೆ ‘ಇನ್ನೊಂದು ಸಲ’ ಅಂತ. ಇನ್ನೂ ಒಂದು ಮಾತು ಹೇಳಿದರು, ಅದನ್ನು ಯಾರೂ ಕೇಳಿರಲಿಲ್ಲ. ಕೊಕ್ಕೆ ಸವೆದದ್ದು ಅಂದು ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು, ನಾಳೆ ನೋಡೋಣ ಎಂದು ಬಿಟ್ಟಿದ್ದರು.

“ಸುಮ್ನೆ ‘ಹಾಯ್’ ಅಂದುಬಿಟ್ಟಿದ್ರೆ, ಏಪ್ರಿಲ್‌ನಲ್ಲಿ ಇನ್ನೊಂದು ನಾಯಿ ಓಡಿದಾಗ ನನ್ ಬಾಯಲ್ಲಿ ಬೇರೆ ಏನೋ ಬಂದ್ರೆ?” ಎಂದು ಕೇಳುತ್ತಾರೆ. “ನಾನು ಟ್ರೈನರ್ ಅಲ್ಲ. ಮತ್ತೆ ಅಂದೆ, ನಿಂತ್ಕೊಳ್ತು. ಅಷ್ಟೇ ನಡೆದಿದ್ದು.”

ಚಾಪೆಯ ಮೇಲೆ ಕೂತಿದ್ದ ಹಿರಿಯರಲ್ಲಿ ಯಾರೋ ಒಬ್ಬರು ನಕ್ಕು ನಿಲ್ಲಿಸಿದರು. ಆಮೇಲೆ ನಿಶಿದೆ-ಸಾನ್, ಹೇಗೂ ಹಿಮ ಬೀಳುತ್ತದೆ, ಚಳಿಗಾಲದಲ್ಲಿ ಯೋಚಿಸುತ್ತೇವೆ, ಅಲ್ಲಿಯವರೆಗೆ ಏರಿಯ ಮೇಲೆ ನಾಯಿ ಬೇಡ ಎಂದು ಸಭೆ ಮುಗಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಯಮಾಗಿಶಿ-ಸಾನ್ ಸಿಟ್ಟಿನಲ್ಲಿ ಮುಂದೆ ಮುಂದೆ ನಡೆದರು. ಮಾರನೆಯ ದಿನ ಹಿತ್ತಾಳೆಯ ಹನ್ನೆರಡು ಹೊಸ ಕೊಕ್ಕೆ ತಂದು ಜಗಲಿಗೆ ತಾವೇ ಹೊಡೆದರು. ಒಂದೊಂದನ್ನೂ ಕಾತ್ಯಾಯಿನಿಯ ಕೈಲಿ ಎಳೆಸಿ ನೋಡಿದರು.

ಈಗ ಜಗಲಿ ಬಣಗುಡುತ್ತಿದೆ. ನಾಯಿಯಿರುವ ಕಾರುಗಳು ನಿಧಾನ ಮಾಡಿ, ಹಲಗೆ ಓದಿ, ಮುಂದೆ ಹೋಗುತ್ತವೆ. ಏರಿಯ ಮೇಲೆ ಮುಳ್ಳು ಹೆಕ್ಕುವ ಕೆಲಸ ಇನ್ನೂ ನಾನೂರು ಮೀಟರು ಉಳಿದಿದೆ. ಕಾತ್ಯಾಯಿನಿ ಬಕೆಟ್ಟನ್ನು ಗುಂಡಿಗೆ ಸುರಿದು, ಇಕ್ಕಳವನ್ನು ಹುಲ್ಲಿಗೆ ಒರೆಸಿ, ಸೈಕಲ್ಲಿನ ಕಡೆ ನಡೆಯುತ್ತಾರೆ. ಬೆಟ್ಟದ ತಲೆ ಆಗಲೇ ಬೆಳ್ಳಗಾಗಿದೆ. ಸಂಘದವರು ಕೊನೆಗೆ ಏನೆಂದರು ಎಂದು ಕೇಳಿದರೆ, ಅಧ್ಯಕ್ಷರು ಹೇಳಿದ್ದನ್ನು ಅವರದೇ ಭಾಷೆಯಲ್ಲಿ ಒಪ್ಪಿಸುತ್ತಾರೆ: “ಹರು ಮದೆ, ಮತ್ತೆ ಕುದಾಸಾಯ್.”

“ಅಂದ್ರೆ, ವಸಂತದವರೆಗೆ ದಯವಿಟ್ಟು ಕಾಯಿರಿ ಅಂತ. ಅವರು ಹೇಳಿದ್ದು ಅಷ್ಟೇ,” ಎಂದು ಹಲಗೆಯ ಪಕ್ಕದಿಂದ ಸೈಕಲ್ಲು ತಿರುಗಿಸಿಕೊಳ್ಳುತ್ತಾರೆ. “ನಂಗೆ ಮಾತ್ರ ನಮ್ಮ ‘ಮತ್ತೆ’ ಅಂತ್ಲೇ ಕೇಳಿಸ್ತು.”